ದೌಂಡ ಜಂಕ್ಷನ್: ಬರದ ನಾಡಿಗೆ ರೈಲು ಬಂದಾಗ ಏನೆಲ್ಲ ಬದಲಾಯಿತು?

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋದವರಿಗೆ, ಶಿರಡಿ ಯಾತ್ರೆಗೆ ರೈಲು ಹತ್ತಿದವರಿಗೆ ದೌಂಡ ಎಂಬ ಹೆಸರು ಹೊಸದಲ್ಲ. ಸೊಲ್ಲಾಪುರ ದಾಟಿ ಬಂದ ರೈಲು ಇಲ್ಲಿ ನಿಲ್ಲುತ್ತಿತ್ತು. ಮುಂದಿದ್ದ ಎಂಜಿನ್ ಕಳಚಿ ಹಿಂದಿನ ತುದಿಗೆ ಜೋಡಿಸುತ್ತಿದ್ದರು. ಬಳಿಕ ರೈಲು ಬಂದ ದಿಕ್ಕಿಗೇ ಮುಖ ಮಾಡಿ ಹೊರಡುತ್ತಿತ್ತು. ಮೊದಲ ಸಲ ಬಂದವರು 'ಇದೇನು, ಗಾಡಿ ವಾಪಸ್ ಊರಿಗೆ ಹೊರಟಿತೇ' ಎಂದು ಗಾಬರಿ ಬೀಳುವುದು, ಪಕ್ಕದವರು ನಕ್ಕು ಸಮಾಧಾನ ಹೇಳುವುದು ಮಾಮೂಲಿಯಾಗಿತ್ತು. ಅಷ್ಟರಲ್ಲಿ ಪ್ಲಾಟ್‌ಫಾರ್ಮ್‌ಗೆ ಇಳಿದು ಚಹಾ ಕುಡಿದು, ಬಾಟಲಿಗೆ ನೀರು ತುಂಬಿಸಿಕೊಂಡು ಬರುವಷ್ಟು ಸಮಯ ಸಿಗುತ್ತಿತ್ತು.

ಪುಣೆಯಿಂದ ಸುಮಾರು 75 ಕಿ.ಮೀ. ಪೂರ್ವಕ್ಕೆ, ಭೀಮಾ ನದಿಯ ದಡದಲ್ಲಿರುವ ತಾಲೂಕು ಕೇಂದ್ರ ದೌಂಡ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಇದರ ಹೆಸರು ಧೋಂಡ್. ಮುಂಬೈ–ಚೆನ್ನೈ ಮಾರ್ಗಕ್ಕೆ ಉತ್ತರದ ಮನ್ಮಾಡ್ ಕಡೆಯ ಹಳಿ ಕೂಡುವುದು ಇಲ್ಲಿಯೇ. ಮಳೆ ಕಡಿಮೆ ಬೀಳುವ ಈ ಬಯಲುಸೀಮೆಯಲ್ಲಿ ಹಳಿ ಬಿದ್ದ ಮೊದಲ 20 ವರ್ಷಗಳಲ್ಲಿ ಹತ್ತಿಯ ಸುಗ್ಗಿ, ಸಾಲದ ದಂಗೆ ಮತ್ತು ಭೀಕರ ಬರ ಒಂದರ ಬೆನ್ನಿಗೆ ಒಂದು ಬಂದವು. ರೈಲು ಭಾರತದ ಬದುಕನ್ನು ಹೇಗೆ ಬದಲಿಸಿತು ಎಂಬುದನ್ನು ಮುಂಬೈನ ಭವ್ಯ ಟರ್ಮಿನಸ್‌ಗಿಂತ ಚೆನ್ನಾಗಿ ಈ ಜಂಕ್ಷನ್ ಸುತ್ತಲಿನ ಹಳ್ಳಿಗಳು ಹೇಳುತ್ತವೆ.

ಮುಂಬೈನಿಂದ ರಾಯಚೂರಿಗೆ 18 ವರ್ಷ

1853ರ ಏಪ್ರಿಲ್ 16ರಂದು ಮುಂಬೈನ ಬೋರಿಬಂದರ್‌ನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿತು. ದೂರ 34 ಕಿ.ಮೀ. ಓಡಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಅಂದರೆ ಜಿಐಪಿ. ಲಂಡನ್‌ನಲ್ಲಿ ಬಂಡವಾಳ ಎತ್ತಿದ ಈ ಕಂಪನಿಗೆ ಹಾಕಿದ ಹಣಕ್ಕೆ ಶೇ 5ರಷ್ಟು ಲಾಭದ ಖಾತರಿ ಸಿಕ್ಕಿತ್ತು. ರೈಲು ಲಾಭ ಮಾಡದಿದ್ದರೆ ಕೊರತೆಯನ್ನು ತುಂಬಬೇಕಾದದ್ದು ಭಾರತದ ಬೊಕ್ಕಸ, ಅಂದರೆ ಕಂದಾಯ ಕಟ್ಟುವ ರೈತ.

ಪುಣೆಗೆ ಹಳಿ ಬಂದದ್ದು 1858ರಲ್ಲಿ. ಆದರೆ ನಡುವಿನ ಬೋರ್ ಘಾಟ್ ಕೆಲಸ ಮುಗಿದಿರಲಿಲ್ಲ. ಘಾಟಿಯ ಬುಡದಲ್ಲಿ ಇಳಿದು, ಪಲ್ಲಕ್ಕಿಯಲ್ಲೋ ಕುದುರೆಯ ಮೇಲೋ ಖಂಡಾಲಾ ಹತ್ತಿ, ಅಲ್ಲಿ ಮತ್ತೆ ರೈಲು ಹಿಡಿಯಬೇಕಿತ್ತು. ಘಾಟಿ ಮಾರ್ಗ ತೆರೆದದ್ದು 1863ರಲ್ಲಿ. ಅಷ್ಟರಲ್ಲಾಗಲೇ ಪುಣೆಯಿಂದ ಮುಂದಿನ ಸಪಾಟು ನೆಲದಲ್ಲಿ ಕೆಲಸ ಬಿರುಸಾಗಿ ಸಾಗಿ, ದೌಂಡವನ್ನು ದಾಟಿ 1860ರಲ್ಲಿ ಹಳಿ ಸೊಲ್ಲಾಪುರ ಮುಟ್ಟಿತ್ತು. ಅಲ್ಲಿಂದ ದಕ್ಷಿಣದ ಕೆಲಸ 1865ರಲ್ಲಿ ಶುರುವಾಯಿತು. ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ ಮಾರ್ಗವಾಗಿ 1871ರಲ್ಲಿ ರಾಯಚೂರು ತಲುಪಿ, ಮದ್ರಾಸ್ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ಹೈದರಾಬಾದ್ ಕರ್ನಾಟಕದ ಊರುಗಳಿಗೆ ರೈಲು ಬಂದದ್ದು ಹೀಗೆ, ದೌಂಡದ ದಾರಿಯಿಂದ.

ಈ ಜೋಡಣೆ ಮನೆಗಳ ನೆಲವನ್ನೂ ಬದಲಿಸಿತು. ಪುಣೆ, ಮುಂಬೈನ ಹಳೆಯ ಮನೆಗಳಲ್ಲಿ ಇಂದಿಗೂ ಕಾಣುವ ನುಣುಪಾದ ಬೂದುಬಣ್ಣದ ಹಾಸುಗಲ್ಲಿಗೆ ಮರಾಠಿಗರು 'ಶಹಾಬಾದಿ ಫರಶಿ' ಎನ್ನುತ್ತಾರೆ. ಅದು ಕಲಬುರಗಿ ಜಿಲ್ಲೆಯ ಕಲ್ಲು. ಅಷ್ಟು ಭಾರದ ಸರಕನ್ನು ನೂರಾರು ಮೈಲಿ ಎತ್ತಿನ ಗಾಡಿಯಲ್ಲಿ ಸಾಗಿಸಿ ಮಾರುವುದು ಯಾರಿಗೂ ಗಿಟ್ಟುವ ವ್ಯಾಪಾರವಾಗಿರಲಿಲ್ಲ.

ಹತ್ತಿಯ ಹಣ, ಸಾಲದ ಪತ್ರ

ರೈಲ್ವೆಯ ಹಿಂದೆ ಮ್ಯಾಂಚೆಸ್ಟರ್‌ನ ಗಿರಣಿ ಮಾಲೀಕರ ಆಸಕ್ತಿಯಿತ್ತು. ಅವರಿಗೆ ಬೇಕಾದದ್ದು ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಹತ್ತಿ ಬರುವುದು ನಿಂತಾಗ, ದಖ್ಖನ್ ಹತ್ತಿಗೆ ಒಮ್ಮೆಲೇ ಚಿನ್ನದ ಬೆಲೆ ಬಂತು. ಅದೇ ಹೊತ್ತಿಗೆ ಹಳಿ ಹಾಕುವ ಕೆಲಸದಿಂದ ಹಳ್ಳಿಗಳಿಗೆ ಕೂಲಿಯ ರೂಪದಲ್ಲಿ ನಗದು ಹರಿಯುತ್ತಿತ್ತು. ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು. ರೈತರು ಬಾವಿ ತೋಡಿಸಿದರು, ಎತ್ತು ಕೊಂಡರು, ಮದುವೆ ಮಾಡಿದರು.

1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಕುಸಿಯಿತು. ರೈಲ್ವೆ ಕೆಲಸವೂ ದಕ್ಷಿಣಕ್ಕೆ ಸರಿದುಹೋಯಿತು. ಇಷ್ಟಾದ ಮೇಲೆ ಸರ್ಕಾರ ಕಂದಾಯವನ್ನು ಹೆಚ್ಚಿಸಿತು. ಹಳೆಯ ಸಾಲದ ಬಡ್ಡಿ ಕಟ್ಟಲು ಹೊಸ ಪತ್ರ, ಹೊಸ ಪತ್ರಕ್ಕೆ ಮತ್ತೆ ಬಡ್ಡಿ. ಬರೆದದ್ದೇನು ಎಂದು ಓದಲು ಬಾರದ ರೈತ ಹೆಬ್ಬೆಟ್ಟು ಒತ್ತಿದ. ಸಾಹುಕಾರ ಕೋರ್ಟಿಗೆ ಹೋಗಿ ಡಿಕ್ರಿ ತಂದ.

1875ರ ಮೇ 12ರಂದು ಆಗ ದೌಂಡ ಸೇರಿದ್ದ ಭೀಮಥಡಿ ತಾಲೂಕಿನ ಸುಪಾ ಎಂಬ ಸಂತೆ ಊರಿನಲ್ಲಿ ಸುತ್ತಲಿನ ಹಳ್ಳಿಗಳ ರೈತರು ಸೇರಿ ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಸಾಲದ ಪತ್ರ, ಲೆಕ್ಕದ ಪುಸ್ತಕಗಳನ್ನು ಕಿತ್ತು ಬೆಂಕಿಗೆ ಹಾಕಿದರು. ಧಾನ್ಯ, ಬಟ್ಟೆಯ ಲೂಟಿಯೂ ನಡೆಯಿತು. ಆದರೆ ಜೀವಕ್ಕೆ ಕೈ ಹಾಕಿದ್ದು ಕಡಿಮೆ, ಅವರಿಗೆ ಬೇಕಾಗಿದ್ದದ್ದು ಆ ಕಾಗದ. ಗಲಭೆ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ಹಲವು ಹಳ್ಳಿಗಳಿಗೆ ಹಬ್ಬಿತು. ಇತಿಹಾಸದಲ್ಲಿ ಇದಕ್ಕೆ 'ದಖ್ಖನ್ ದಂಗೆ' ಎಂದು ಹೆಸರು. ಸರ್ಕಾರ ಆಯೋಗ ನೇಮಿಸಿತು. ಸಾಲಗಾರ ರೈತರಿಗೆ ಕೊಂಚ ರಕ್ಷಣೆ ನೀಡುವ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ 1879ರಲ್ಲಿ ಬಂತು.

ದಂಗೆಗೆ ರೈಲೇ ಕಾರಣ ಎಂದರೆ ಅತಿಯಾದೀತು. ಆದರೆ ಭೀಮಾ ತೀರದ ರೈತನ ಬೆಳೆಯ ಬೆಲೆ ಊರಿನ ಸಂತೆಯಲ್ಲಿ ತೀರ್ಮಾನವಾಗುವ ಕಾಲ ಮುಗಿದು, ಸಾಗರದಾಚೆಯ ಯುದ್ಧವೊಂದು ಅದನ್ನು ಏರಿಸಿ ಇಳಿಸುವ ಕಾಲ ಶುರುವಾದದ್ದು ಈ ಹಳಿಯ ಮೇಲೆಯೇ.

ಹಸಿದ ಕೈಗಳು ಹಾಕಿದ ಹಳಿ

ದಂಗೆಯ ಮರುವರ್ಷ ಮಳೆ ಕೈಕೊಟ್ಟಿತು. 1876ರಿಂದ 78ರವರೆಗಿನ ಬರ ದಕ್ಷಿಣ ಭಾರತ ಕಂಡ ಅತಿ ಭೀಕರ ಬರಗಳಲ್ಲೊಂದು. ಮುಂಬೈ ಪ್ರಾಂತ್ಯದ ಪುಣೆ, ಸೊಲ್ಲಾಪುರ, ಬಿಜಾಪುರ, ಧಾರವಾಡ, ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಜೊತೆಗೆ ಮೈಸೂರು ಸಂಸ್ಥಾನ ಇದಕ್ಕೆ ತುತ್ತಾದವು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ, ಅಂದರೆ ಐವರಲ್ಲಿ ಒಬ್ಬರು ಸತ್ತರೆಂಬ ಅಂದಾಜಿದೆ.

ಬರಪರಿಹಾರ ಎಂದರೆ ಆಗ ಕೂಲಿಗಾಗಿ ಕಾಳು. ದೌಂಡದಿಂದ ಅಹಮದ್‌ನಗರ, ಕೋಪರಗಾಂವ್ ಮೂಲಕ ಮನ್ಮಾಡ್‌ವರೆಗಿನ ಸುಮಾರು 235 ಕಿ.ಮೀ. ಮಾರ್ಗದ ಮಣ್ಣು ಕೆಲಸಕ್ಕೆ ಬರಪೀಡಿತರನ್ನೇ ಹಚ್ಚಲಾಯಿತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಸಲಹೆಯಂತೆ ಕೂಲಿಯನ್ನು ಕಡಿತ ಮಾಡಲಾಯಿತು. ವಯಸ್ಕ ಗಂಡಸಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಚಿಲ್ಲರೆ ಕಾಸು. ದಿನವಿಡೀ ಮಣ್ಣು ಅಗೆದು ಹೊರುವವನಿಗೆ ಇದು ಸಾಲದು ಎಂದು ಆಗಲೇ ವೈದ್ಯರು ಎಚ್ಚರಿಸಿದ್ದರು. ಮುಂಬೈ ಪ್ರಾಂತ್ಯದಲ್ಲಿ ಸಾವಿರಾರು ಜನ ಪರಿಹಾರ ಕಾಮಗಾರಿ ಬಿಟ್ಟು ಹೊರನಡೆದರು. ಹೊಟ್ಟೆಗಿಲ್ಲದವರು ಸಿಗುವ ತುತ್ತನ್ನೂ ಬೇಡವೆಂದು ಹೂಡಿದ ಮುಷ್ಕರ ಅದು. ಪುಣೆಯ ಸಾರ್ವಜನಿಕ ಸಭಾ ಅವರ ಪರವಾಗಿ ಸರ್ಕಾರಕ್ಕೆ ಪತ್ರದ ಮೇಲೆ ಪತ್ರ ಬರೆಯಿತು.

ದೌಂಡ–ಮನ್ಮಾಡ್ ಮಾರ್ಗ 1878ರಲ್ಲಿ ತೆರೆಯಿತು. ಅದರ ಮಹತ್ವ ತಿಳಿಯಲು ನಕ್ಷೆ ನೋಡಬೇಕು. ಮುಂಬೈನಿಂದ ಹೊರಟ ಜಿಐಪಿ ಹಳಿ ಕಲ್ಯಾಣ್‌ನಲ್ಲಿ ಕವಲೊಡೆಯುತ್ತದೆ. ಒಂದು ಥಳ್ ಘಾಟ್ ಹತ್ತಿ ಮನ್ಮಾಡ್, ಭುಸಾವಳ ಕಡೆಗೆ, ಇನ್ನೊಂದು ಬೋರ್ ಘಾಟ್ ಹತ್ತಿ ಪುಣೆ, ಸೊಲ್ಲಾಪುರ ಕಡೆಗೆ. ಅದುವರೆಗೆ ಉತ್ತರದಿಂದ ದಕ್ಷಿಣಕ್ಕೆ ಧಾನ್ಯ ಬರಬೇಕಾದರೆ ಒಂದು ಘಾಟಿ ಇಳಿದು ಕಲ್ಯಾಣ್ ಮುಟ್ಟಿ, ಮತ್ತೊಂದು ಘಾಟಿ ಹತ್ತಬೇಕಿತ್ತು. ಎರಡೂ ಕಡಿದಾದ ಏರು, ವ್ಯಾಗನ್‌ಗಳ ಸಾಲೇ ನಿಂತುಬಿಡುತ್ತಿತ್ತು. ದೌಂಡ–ಮನ್ಮಾಡ್ ಹಳಿ ಘಾಟಿಗಳ ಮೇಲೆಯೇ ಎರಡು ಮಾರ್ಗಗಳನ್ನು ಬೆಸೆಯಿತು. ಬರ ಮುಗಿಯುತ್ತ ಬಂದಾಗ ಬರಕ್ಕೆ ಬೇಕಾದ ಹಳಿ ಸಿದ್ಧವಾಯಿತು ಎಂಬುದು ಬೇರೆ ಮಾತು.

ಧಾನ್ಯ ಬಂತು, ಕೊಳ್ಳುವ ದುಡ್ಡು?

ಆ ಬರದಲ್ಲಿ ರೈಲು ಜೀವ ಉಳಿಸಿತೇ? ಉತ್ತರ ಎರಡೂ ಕಡೆ ಇದೆ. ಹಳಿ ಇದ್ದ ಊರುಗಳಿಗೆ ದೂರದ ಧಾನ್ಯ ಬಂತು, ಇಲ್ಲದ ಕಡೆ ಸಾವು ಹೆಚ್ಚಾಯಿತು. ಮೈಸೂರು ಸಂಸ್ಥಾನದಲ್ಲಿ ರೈಲು ಇದ್ದದ್ದು 1864ರಲ್ಲಿ ತೆರೆದ ಜೋಲಾರಪೇಟೆ ಮಾರ್ಗದಲ್ಲಿ ಬೆಂಗಳೂರಿನವರೆಗೆ ಮಾತ್ರ. ಅಲ್ಲಿಂದಾಚೆ ಎತ್ತಿನ ಗಾಡಿಯೇ ಗತಿ, ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಇನ್ನೊಂದೆಡೆ, ರೈಲು ಇದ್ದದ್ದರಿಂದಲೇ ವ್ಯಾಪಾರಿಗಳು ಹಳ್ಳಿಯ ದಾಸ್ತಾನನ್ನು ಹೆಚ್ಚು ಬೆಲೆ ಸಿಗುವ ಕಡೆಗೆ ಸಾಗಿಸಿದರು. ಬರದ ವರ್ಷಗಳಲ್ಲೂ ಭಾರತದಿಂದ ಇಂಗ್ಲೆಂಡಿಗೆ ಗೋಧಿ ರಫ್ತು ನಿಲ್ಲಲಿಲ್ಲ.

1880ರ ಬರ ಆಯೋಗ ರೈಲ್ವೆಯನ್ನು ಬರಕ್ಕೆ ಪ್ರಮುಖ ಮದ್ದು ಎಂದು ಶಿಫಾರಸು ಮಾಡಿತು. ಕನ್ನಡ ನಾಡಿನ ಹಲವು ಹಳಿಗಳು ಆ ಕಾಲದ ಕೂಸುಗಳು. ಬೆಂಗಳೂರು–ಮೈಸೂರು ಮಾರ್ಗ ಬರಪರಿಹಾರ ಕಾಮಗಾರಿಯಾಗಿ ಶುರುವಾಗಿ 1882ರಲ್ಲಿ ಮೈಸೂರು ಮುಟ್ಟಿತು. ಸೊಲ್ಲಾಪುರದ ಬಳಿಯ ಹೋಟಗಿಯಿಂದ ಬಿಜಾಪುರದ ಮೂಲಕ ಗದಗಕ್ಕೆ ಹೋಗುವ ಮೀಟರ್‌ಗೇಜ್ ಹಳಿ 1884ರಲ್ಲಿ ತೆರೆಯಿತು. ಬಿಜಾಪುರದ ಜೋಳ, ಗದಗದ ಹತ್ತಿ ಈ ದಾರಿಯಿಂದ ಸೊಲ್ಲಾಪುರ, ದೌಂಡ ದಾಟಿ ಮುಂಬೈ ಕಡೆಗೆ ಹೊರಟವು.

ಆದರೆ ಹಳಿ ಹೆಚ್ಚಿದ ಮೇಲೂ 1896–97 ಮತ್ತು 1899–1900ರ ಬರಗಳು ಲಕ್ಷಾಂತರ ಜನರನ್ನು ಕೊಂದವು. ಧಾನ್ಯ ಸ್ಟೇಷನ್‌ಗೆ ಬರುತ್ತಿತ್ತು, ಕೊಳ್ಳಲು ಕೂಲಿಯವನ ಬಳಿ ದುಡ್ಡಿರಲಿಲ್ಲ. ದೀರ್ಘಕಾಲದಲ್ಲಿ ಮಾತ್ರ ಲೆಕ್ಕ ರೈಲಿನ ಪರವಾಗಿದೆ. ವಸಾಹತು ಕಾಲದ ಜಿಲ್ಲಾವಾರು ಅಂಕಿಅಂಶಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್, ರೈಲು ಬಂದ ಜಿಲ್ಲೆಯ ಕೃಷಿ ಆದಾಯ ಸರಾಸರಿ ಶೇ 16ರಷ್ಟು ಏರಿತ್ತೆಂದು 2018ರಲ್ಲಿ ಪ್ರಕಟಿಸಿದರು. ಸರಾಸರಿ ಎಂಬ ಪದದೊಳಗೆ ಸುಪಾದ ಸಾಹುಕಾರನೂ ಇದ್ದಾನೆ, ರೈತನೂ ಇದ್ದಾನೆ.

ಗಂಗಾಮೂಲದಿಂದ ಕೆಡಗಾಂವ್‌ಗೆ

ದೌಂಡ ತಾಲೂಕಿನ ಕೆಡಗಾಂವ್ ಇದೇ ಹಳಿಯ ಮೇಲಿನ ಸಣ್ಣ ನಿಲ್ದಾಣ. ಪಂಡಿತಾ ರಮಾಬಾಯಿ ತಮ್ಮ ಮುಕ್ತಿ ಮಿಷನ್ ಕಟ್ಟಿದ್ದು ಇಲ್ಲಿ. ಅವರು ಹುಟ್ಟಿದ್ದು 1858ರಲ್ಲಿ, ಪುಣೆಗೆ ರೈಲು ಬಂದ ವರ್ಷವೇ, ಆದರೆ ಪಶ್ಚಿಮ ಘಟ್ಟದ ಕಾಡಿನಲ್ಲಿ, ಕುದುರೆಮುಖ ಸಮೀಪದ ಗಂಗಾಮೂಲದಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ 'ತಪ್ಪಿಗೆ' ವಿರೋಧ ಎದುರಿಸಿದ ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕುಟುಂಬದೊಂದಿಗೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು ಪುರಾಣ ಹೇಳುತ್ತ ಬದುಕಿದವರು. 1870ರ ದಶಕದ ಬರ ತಂದೆ, ತಾಯಿ, ಅಕ್ಕ ಮೂವರನ್ನೂ ಕಿತ್ತುಕೊಂಡಿತು. ಉಳಿದ ಅಣ್ಣ–ತಂಗಿ ಅಲೆಯುತ್ತ 1878ರಲ್ಲಿ ಕೋಲ್ಕತ್ತ ಸೇರಿದರು. ಅಲ್ಲಿನ ವಿದ್ವಾಂಸರು ಆಕೆಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು.

ರಮಾಬಾಯಿ 1886ರಿಂದ 88ರವರೆಗೆ ಅಮೆರಿಕ ಸುತ್ತಿ, ಅಲ್ಲಿನ ಜನಜೀವನದ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದರು. ಅಮೆರಿಕದ ಪೂರ್ವ–ಪಶ್ಚಿಮವನ್ನು 1869ರಲ್ಲೇ ರೈಲು ಬೆಸೆದಿತ್ತು. ಅಲ್ಲಿ ಹಳಿಯ ಜೊತೆಗೇ ಉಕ್ಕಿನ ಕಾರ್ಖಾನೆ, ಎಂಜಿನ್ ಕಾರ್ಖಾನೆಗಳು ಬೆಳೆದವು. ಭಾರತದ ಹಳಿ, ಎಂಜಿನ್‌ಗಳು ಮಾತ್ರ ಬಹುಕಾಲ ಬ್ರಿಟನ್ನಿನಿಂದ ಹಡಗಿನಲ್ಲಿ ಬರುತ್ತಿದ್ದವು.

1896–97ರ ಬರದಲ್ಲಿ ರಮಾಬಾಯಿ ಮಧ್ಯ ಪ್ರಾಂತ್ಯಗಳಿಗೆ ಹೋಗಿ ಅನಾಥ ಹೆಣ್ಣುಮಕ್ಕಳನ್ನು, ಬಾಲವಿಧವೆಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಅವರಿಗೆ ಕೆಡಗಾಂವ್‌ನಲ್ಲಿ ಆಶ್ರಯ, ಓದು, ನೇಯ್ಗೆ, ಮುದ್ರಣದಂಥ ಕಸುಬು ಸಿಕ್ಕಿತು. ತಾನು ಬಾಲ್ಯದಲ್ಲಿ ಬರಿಗಾಲಲ್ಲಿ ಅಲೆದ ದೇಶದಲ್ಲಿ, ಅಷ್ಟು ದೂರದ ಮಕ್ಕಳನ್ನು ಬದುಕಿರುವಾಗಲೇ ಕರೆತರಲು ಆಕೆಗೆ ಸಾಧ್ಯವಾದದ್ದು ನಡುವೆ ರೈಲು ಬಂದಿದ್ದರಿಂದ. 1922ರಲ್ಲಿ ಅವರು ತೀರಿಕೊಂಡದ್ದೂ ಕೆಡಗಾಂವ್‌ನಲ್ಲೇ.

ಕೆಲಸ ಕಳೆದುಕೊಂಡವರು

ರೈಲಿನಿಂದ ನೇರ ಪೆಟ್ಟು ತಿಂದವರು ಲಂಬಾಣಿಗರು. ನೂರಾರು ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿ ಕರಾವಳಿಯಿಂದ ಬಯಲುಸೀಮೆಗೆ ಸಾಗಿಸುತ್ತಿದ್ದ ಬಂಜಾರ ಸಮುದಾಯ ಶತಮಾನಗಳ ಕಾಲ ದಖ್ಖನ್ನಿನ ಸರಕು ಸಾಗಣೆಯ ಬೆನ್ನೆಲುಬಾಗಿತ್ತು. ಹಳಿ ಬಂದ ಕೆಲವೇ ದಶಕಗಳಲ್ಲಿ ಆ ಕಸುಬು ಮುಗಿಯಿತು. ಕೆಲವು ಪ್ರಾಂತ್ಯಗಳಲ್ಲಿ ವಸಾಹತು ಸರ್ಕಾರ ಅವರನ್ನು ಅಪರಾಧಿ ಬುಡಕಟ್ಟು ಪಟ್ಟಿಗೂ ಸೇರಿಸಿತು. ಇಂದು ಕಲಬುರಗಿ, ವಿಜಯಪುರ ಜಿಲ್ಲೆಗಳ ತಾಂಡಾಗಳಿಂದ ಮಹಾರಾಷ್ಟ್ರದ ಕಡೆಗೆ ಕೂಲಿಗೆ ಗುಳೆ ಹೋಗುವವರ ಕಥೆಗೆ ಅಷ್ಟು ಹಳೆಯ ಬೇರಿದೆ.

ಕೆಲಸ ಪಡೆದವರೂ ಇದ್ದರು. ಮಣ್ಣು, ಕಲ್ಲಿನ ಕೆಲಸದಲ್ಲಿ ಪಳಗಿದ್ದ ಭೋವಿ–ವಡ್ಡರ ಸಮುದಾಯದವರು ಹಳಿಯ ದಿಬ್ಬ, ಸೇತುವೆಗಳನ್ನು ಕಟ್ಟುತ್ತ ಊರೂರು ದಾಟಿದರು. 1870ರ ದಶಕದಿಂದ ಸೊಲ್ಲಾಪುರದಲ್ಲಿ ಎದ್ದ ಬಟ್ಟೆ ಗಿರಣಿಗಳಿಗೆ ಕನ್ನಡ, ತೆಲುಗು ಹಳ್ಳಿಗಳ ನೇಕಾರರು, ಕೂಲಿಕಾರರು ಬಂದು ನೆಲೆಸಿದರು. ದೌಂಡದಲ್ಲಿ ರೈಲ್ವೆಯೇ ದೊಡ್ಡ ಉದ್ಯೋಗದಾತ. ಡ್ರೈವರ್, ಫೈರ್‌ಮನ್, ಗಾರ್ಡ್, ಪಾಯಿಂಟ್ಸ್‌ಮನ್, ಗ್ಯಾಂಗ್‌ಮನ್‌ಗಳ ಕ್ವಾರ್ಟರ್ಸ್‌ಗಳು ಊರಿಗೆ ಊರಾಗಿ ಬೆಳೆದವು. 1914ರಲ್ಲಿ ಬಾರಾಮತಿಗೆ ನ್ಯಾರೋಗೇಜ್ ಹಳಿಯೂ ಇಲ್ಲಿಂದಲೇ ಹೊರಟಿತು, ಅದು ಈಗ ಬ್ರಾಡ್‌ಗೇಜ್.

ಗಡಿಯಾರ, ಯಾತ್ರೆ, ಪ್ಲೇಗು

ಹಳಿ ಬರುವ ಮುನ್ನ ಪ್ರತಿ ಊರಿಗೂ ತನ್ನದೇ ನಡುಹಗಲು. ರೈಲಿನ ವೇಳಾಪಟ್ಟಿಗೆ ಅದು ಒಗ್ಗುವುದಿಲ್ಲ. ಹಾಗಾಗಿ ರೈಲ್ವೆ ಕಂಪನಿಗಳು 1870ರ ಸುಮಾರಿಗೆ ಮದ್ರಾಸ್ ಸಮಯವನ್ನು ಅನುಸರಿಸತೊಡಗಿದವು. ಮುಂಬೈ ಸಮಯಕ್ಕಿಂತ ಅದು ಸುಮಾರು ಅರ್ಧ ಗಂಟೆ ಮುಂದು. ಊರಿನ ಗಡಿಯಾರ ನಂಬಿ ಬಂದವರಿಗೆ ರೈಲು ತಪ್ಪುತ್ತಿತ್ತು. ಇಡೀ ದೇಶಕ್ಕೆ ಒಂದೇ ಸಮಯ ಬಂದದ್ದು 1906ರ ಜನವರಿ 1ರಂದು.

ಯಾತ್ರೆಯ ಸ್ವರೂಪವೂ ಬದಲಾಯಿತು. ದೌಂಡ–ಮನ್ಮಾಡ್ ಮಾರ್ಗದ ಕೋಪರಗಾಂವ್ ಸ್ಟೇಷನ್ ಶಿರಡಿಗೆ ಹೆಬ್ಬಾಗಿಲಾಯಿತು. 2009ರಲ್ಲಿ ಸಾಯಿನಗರ ನಿಲ್ದಾಣ ತೆರೆಯುವವರೆಗೂ ಭಕ್ತರು ಹೆಚ್ಚಾಗಿ ಅಲ್ಲೇ ಇಳಿಯುತ್ತಿದ್ದರು. ಕನ್ನಡಿಗರು ಕುರ್ಡುವಾಡಿಯಲ್ಲಿ ರೈಲು ಬದಲಿಸಿ ಪಂಢರಪುರಕ್ಕೆ ಹೋದರೆ, ಮರಾಠಿಗರು ಗಾಣಗಾಪುರ ರೋಡ್‌ನಲ್ಲಿ ಇಳಿದು ದತ್ತಾತ್ರೇಯನ ದರ್ಶನಕ್ಕೆ ನಡೆದರು.

ರೈಲಿನ ಮೂರನೇ ದರ್ಜೆ ಡಬ್ಬಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂದು ಕೇಳುವಂತಿರಲಿಲ್ಲ. ಸ್ಟೇಷನ್‌ನಿಂದ ಹೊರಬಿದ್ದರೆ ಹಳೆಯ ಲೋಕವೇ. 1901ರಲ್ಲಿ ಬಾಲಕ ಅಂಬೇಡ್ಕರ್ ತಂದೆಯನ್ನು ಕಾಣಲು ಸಾತಾರಾ ಕಡೆಯಿಂದ ರೈಲಿನಲ್ಲಿ ಬಂದು ಮಸೂರ್ ನಿಲ್ದಾಣದಲ್ಲಿ ಇಳಿದರು. ಜಾತಿ ತಿಳಿದ ಕೂಡಲೇ ಯಾವ ಗಾಡಿಯವನೂ ಕರೆದೊಯ್ಯಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಎತ್ತಿನ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು. ಈ ಘಟನೆಯನ್ನು ಅವರೇ ಮುಂದೆ ಬರೆದಿದ್ದಾರೆ.

ರೋಗವೂ ಟಿಕೆಟ್ ಇಲ್ಲದೆ ಪ್ರಯಾಣಿಸಿತು. 1896ರಲ್ಲಿ ಮುಂಬೈನಲ್ಲಿ ಕಾಣಿಸಿದ ಪ್ಲೇಗು ಪುಣೆ, ಹುಬ್ಬಳ್ಳಿಗಳಿಗೆ ಹರಡಿ 1898ರ ಆಗಸ್ಟ್‌ನಲ್ಲಿ ಬೆಂಗಳೂರು ಸೇರಿತು. ಅದರ ಬೆನ್ನಿಗೇ ಎದ್ದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ರೈಲು ಪ್ಲೇಗನ್ನು ಹರಡುತ್ತದೆ, ಬರವನ್ನು ಹೆಚ್ಚಿಸುತ್ತದೆ ಎಂದು ಗಾಂಧೀಜಿ 1909ರ 'ಹಿಂದ್ ಸ್ವರಾಜ್'ನಲ್ಲಿ ಟೀಕಿಸಿದರು. ಮುಂದೆ ಅವರೇ ದೇಶ ಕಂಡದ್ದು ಮೂರನೇ ದರ್ಜೆಯ ಕಿಟಕಿಯಿಂದ.

ನಿಲ್ಲದ ರೈಲುಗಳ ಕಾಲ

ಇಂದಿನ ದೌಂಡ ಸುತ್ತಮುತ್ತ ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ, ಕುರ್ಕುಂಭ್ ಕೈಗಾರಿಕಾ ಪ್ರದೇಶ. ಬೆಳಗ್ಗೆ ಪುಣೆಗೆ ಕೆಲಸಕ್ಕೆ, ಕಾಲೇಜಿಗೆ ಹೋಗಿ ಸಂಜೆ ಮರಳುವವರಿಗೆ ರೈಲೇ ಆಧಾರ. ಮುಂಬೈ–ಬೆಂಗಳೂರು ನಡುವಿನ ಉದ್ಯಾನ್ ಎಕ್ಸ್‌ಪ್ರೆಸ್ ಈಗಲೂ ಇದೇ ದಾರಿಯಲ್ಲಿ ಓಡುತ್ತದೆ. ನೀರಿನ ಬರಕ್ಕೆ ರೈಲಿನ ನೆರವು ಈ ಭಾಗದಲ್ಲಿ ಹಳೆಯ ಕಥೆಯೂ ಅಲ್ಲ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ಮೊದಲ ಕಂತಿನಲ್ಲಿ 10 ವ್ಯಾಗನ್‌ಗಳಲ್ಲಿ ಸುಮಾರು 5 ಲಕ್ಷ ಲೀಟರ್ ಕುಡಿಯುವ ನೀರು ಹೋಗಿತ್ತು.

ಎಂಜಿನ್ ತಿರುಗಿಸುವ ಕೆಲಸಕ್ಕೆ ಪೂರ್ಣವಿರಾಮ ಹಾಕಲು ರೈಲ್ವೆ ಸೊಲ್ಲಾಪುರ ಕಡೆಯ ಹಳಿಯನ್ನು ಮನ್ಮಾಡ್ ಕಡೆಯ ಹಳಿಗೆ ನೇರವಾಗಿ ಸೇರಿಸುವ ಕಾರ್ಡ್ ಲೈನ್ ನಿರ್ಮಿಸಿದೆ. ಅದರ ಮೇಲೆ 'ದೌಂಡ ಕಾರ್ಡ್ ಲೈನ್' ಎಂಬ ಪ್ರತ್ಯೇಕ ನಿಲ್ದಾಣವೂ ಇದೆ. ಕರ್ನಾಟಕ ಎಕ್ಸ್‌ಪ್ರೆಸ್ ಈಗ ಹಿಡಿಯುವುದು ಈ ದಾರಿಯನ್ನೇ. ಪ್ರಯಾಣಿಕರ ಸಮಯ ಉಳಿಯಿತು, ಮುಖ್ಯ ನಿಲ್ದಾಣದ ಹಳಿಗಳ ಮೇಲಿನ ಒತ್ತಡ ಇಳಿಯಿತು. ರೈಲು ನಿಂತಷ್ಟು ಹೊತ್ತಿನ ವ್ಯಾಪಾರವನ್ನೇ ನಂಬಿದ್ದ ಹಳೆಯ ಪ್ಲಾಟ್‌ಫಾರ್ಮ್‌ನ ಚಹಾ, ವಡಾಪಾವ್ ಮಾರುವವರಿಗೆ ದೆಹಲಿ ಕಡೆಗೆ ಹೋಗುವ ಆ ಗಾಡಿಯ ಗಿರಾಕಿಗಳು ಈಗ ಸಿಗುವುದಿಲ್ಲ.